ಕಾಲೇಜು ಬದಲಿಸಿದರೆ ಇನ್ವೆಸ್ಟ್‌ಮೆಂಟ್ ಬ್ಯಾಂಕರ್ ಆಗ್ತಾರಾ? ದೇವದುರ್ಗದ ಕಾಕಾ ಕೇಳಿದ ಪ್ರಶ್ನೆ

ಜೂನ್ ತಿಂಗಳ ಒಂದು ಸೋಮವಾರ. ಬೀಜ-ಗೊಬ್ಬರದ ಸುದ್ದಿಗೆಂದು ದೇವದುರ್ಗಕ್ಕೆ ಹೋಗಿದ್ದೆ. ಬಸ್ ನಿಲ್ದಾಣದ ಎದುರಿನ ಹೋಟೆಲ್‌ನಲ್ಲಿ ಚಹಾ ಕುಡಿಯುತ್ತ ಮೊಬೈಲ್‌ನಲ್ಲೇ ಸುದ್ದಿ ಟೈಪ್ ಮಾಡುತ್ತಿದ್ದಾಗ ಪರಿಚಯದ ಕಾಕಾ ಒಬ್ಬರು ಬಂದು ಎದುರಿಗೆ ಕೂತರು. ನಾಲ್ಕು ಎಕರೆ ಹೊಲ, ಹತ್ತಿ ಬೆಳೆಯುತ್ತಾರೆ. ಮಗ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷಕ್ಕೆ ಬಂದಿದ್ದಾನೆ.

"ತಮ್ಮಾ, ನೀ ಪೇಪರ್‌ನವ, ನಾಕು ಮಂದಿ ಗೊತ್ತದಾರ ನಿನಗ. ಹುಡುಗನ್ನ ಈ ಕಾಲೇಜು ಬಿಡಿಸಿ ಬೆಂಗಳೂರು ಕಾಲೇಜಿಗೆ ಹಾಕಿದ್ರ ಅದೇನೋ ಇನ್ವೆಸ್ಟ್‌ಮೆಂಟ್ ಬ್ಯಾಂಕ್‌ನ್ಯಾಗ ನೌಕರಿ ಸಿಗತೈತಂತ. ಖರೇ ಏನು?"

"ಯಾರು ಹೇಳಿದ್ರು ಕಾಕಾ?"

"ರಾಯಚೂರಾಗ ಒಬ್ಬ ಏಜೆಂಟ್ ಅದಾನ. ಫೀ, ಪಿಜಿ, ಊಟ ಎಲ್ಲಾ ಹಿಡಿದು ವರ್ಷಕ್ಕ ಎರಡೂವರಿ ಲಕ್ಷ ಅಂದಾನ. ಶುಕ್ರವಾರದೊಳಗ ಮುಂಗಡ ಕೊಡ್ಬೇಕು. ಬೀಜಕ್ಕ ಇಟ್ಟಿದ್ದು ಒಂದಿಷ್ಟು ಐತಿ. ಉಳಿದಿದ್ದಕ್ಕ ಮನಿಯಾಕಿ ಬಂಗಾರ ಇಟ್ರಾತು."

ಆ ದಿನ ನಾನು ಅವರಿಗೆ ಸರಿಯಾಗಿ ಉತ್ತರ ಕೊಡಲಿಲ್ಲ. ವಿಚಾರಿಸಿ ಹೇಳ್ತೀನಿ ಅಂದೆ. ವಿಚಾರಿಸಿದ ಮೇಲೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಈ ಪ್ರಶ್ನೆ ಕಾಕಾ ಒಬ್ಬರದಲ್ಲ. ಮಾನ್ವಿ, ಸಿರವಾರ, ಸಿಂಧನೂರು ಕಡೆಯ ಹುಡುಗರೂ ಇತ್ತೀಚೆಗೆ ಇದನ್ನೇ ಕೇಳುತ್ತಿದ್ದಾರೆ. ರೀಲ್ಸ್‌ನಲ್ಲಿ ಕೋಟು ಹಾಕಿದ ಯಾರೋ ಬಂದು ಸಂಬಳದ ಅಂಕಿ ಹೇಳುತ್ತಾನೆ. ಮರುದಿನ ನಮ್ಮ ಹುಡುಗನಿಗೆ ತನ್ನ ಕಾಲೇಜಿನ ಗೋಡೆ ಸಣ್ಣದಾಗಿ ಕಾಣುತ್ತದೆ.

ಮೊದಲು ಈ ಕೆಲಸ ಏನು ಅನ್ನುವುದು ತಿಳಿಯಬೇಕು. ನಮ್ಮ ಕಡೆ ಬ್ಯಾಂಕ್ ನೌಕರಿ ಅಂದರೆ ಗ್ರಾಮೀಣ ಬ್ಯಾಂಕು, ಸ್ಟೇಟ್ ಬ್ಯಾಂಕು, ಐಬಿಪಿಎಸ್ ಪರೀಕ್ಷೆ. ಇನ್ವೆಸ್ಟ್‌ಮೆಂಟ್ ಬ್ಯಾಂಕ್‌ಗೂ ಅದಕ್ಕೂ ಸಂಬಂಧ ಕಡಿಮೆ. ಅಲ್ಲಿ ಪಾಸ್‌ಬುಕ್ ಇಲ್ಲ, ಬೆಳೆಸಾಲ ಇಲ್ಲ. ಕಂಪನಿಗಳು ಷೇರು ಮಾರಿ ಬಂಡವಾಳ ಎತ್ತುವುದಕ್ಕೆ, ಒಂದು ಕಂಪನಿ ಇನ್ನೊಂದನ್ನು ಕೊಳ್ಳುವುದಕ್ಕೆ ಲೆಕ್ಕ ಹಾಕಿ, ಬೆಲೆ ಕಟ್ಟಿ, ವ್ಯವಹಾರ ಕುದುರಿಸಿಕೊಡುವ ಕೆಲಸ ಅದು. 2022ರ ಮೇ ತಿಂಗಳಲ್ಲಿ ಎಲ್ಐಸಿ ಷೇರು ಬಂದಾಗ ನಮ್ಮೂರ ಎಲ್ಐಸಿ ಏಜೆಂಟರು ಮನೆಮನೆಗೆ ಬಂದು ಪಾಲಿಸಿದಾರರಿಗೆ ರಿಯಾಯಿತಿ ಇದೆ ಅಂತ ಹೇಳಿದ್ದು ನೆನಪಿರಬಹುದು. ಸುಮಾರು 21,000 ಕೋಟಿ ರೂಪಾಯಿಯ ಆ ಮಾರಾಟವನ್ನು ಹಿಂದೆ ನಿಂತು ನಡೆಸಿದ್ದು ಹತ್ತು ಸಂಸ್ಥೆಗಳು. ಕೋಟಕ್, ಜೆಎಂ ಫೈನಾನ್ಷಿಯಲ್, ಎಸ್‌ಬಿಐ ಕ್ಯಾಪಿಟಲ್, ಗೋಲ್ಡ್‌ಮನ್ ಸ್ಯಾಕ್ಸ್ ಅದರಲ್ಲಿದ್ದವು. ಆ ಕೆಲಸ ಮಾಡುವವರು ಇನ್ವೆಸ್ಟ್‌ಮೆಂಟ್ ಬ್ಯಾಂಕರುಗಳು. ನಮ್ಮ ದೇಶದಲ್ಲಿ ಅವರು ಹೆಚ್ಚಾಗಿ ಕೂರುವುದು ಮುಂಬೈಯಲ್ಲಿ.

ಹಾಗಾದರೆ ಬೆಂಗಳೂರಿನಲ್ಲಿ ಏನಿದೆ? ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ ಬೆಂಗಳೂರಿಗೆ ಬಂತು, ಈಗ ಅಲ್ಲಿ ಸಾವಿರಾರು ಜನ ಇದ್ದಾರೆ. ಜೆ.ಪಿ. ಮಾರ್ಗನ್, ಮಾರ್ಗನ್ ಸ್ಟ್ಯಾನ್ಲಿ ಕೂಡ ಇವೆ. ಆದರೆ ಅಲ್ಲಿನ ಹೆಚ್ಚಿನ ಕೆಲಸ ತಂತ್ರಜ್ಞಾನ, ಲೆಕ್ಕಪತ್ರ, ವಹಿವಾಟು ತಾಳೆ ನೋಡುವುದು, ಅಪಾಯದ ಲೆಕ್ಕ ಇಂಥವು. ಗೌರವದ ಕೆಲಸ, ಒಳ್ಳೆಯ ಸಂಬಳ. ಆದರೆ ರೀಲ್ಸ್‌ನಲ್ಲಿ ಹೇಳುವ ಕೆಲಸ ಇದಲ್ಲ. ಶಕ್ತಿನಗರದ ಆರ್‌ಟಿಪಿಎಸ್ ಗೇಟಿನ ಒಳಗೆ ಹೋಗುವವರೆಲ್ಲ ಎಂಜಿನಿಯರ್ ಅಲ್ಲ ಅನ್ನುವುದು ನಮಗೆ ಗೊತ್ತು. ಇದೂ ಹಾಗೇ.

ಈ ವ್ಯತ್ಯಾಸವನ್ನು ನನಗೆ ತಿಳಿಸಿ ಹೇಳಿದ್ದು ಮಾನ್ವಿ ಕಡೆಯ ಒಬ್ಬ ಹುಡುಗಿ. ಮಾನ್ವಿಯಲ್ಲೇ ಬಿ.ಕಾಂ. ಮುಗಿಸಿ, ಬೆಂಗಳೂರಿನಲ್ಲಿ ಎಂ.ಕಾಂ. ಮಾಡಿ, ಈಗ ವಿದೇಶಿ ಬ್ಯಾಂಕೊಂದರ ಕಚೇರಿಯಲ್ಲಿದ್ದಾಳೆ. ಫೋನ್ ಮಾಡಿದಾಗ ಮೊದಲ ಮಾತೇ ಇದು: "ಅಣ್ಣಾ, ಊರಾಗ ಎಲ್ರೂ ನನ್ನ ಇನ್ವೆಸ್ಟ್‌ಮೆಂಟ್ ಬ್ಯಾಂಕರ್ ಅಂತಾರ. ನಾ ಅಲ್ಲ. ನಾ ಇನ್ವೆಸ್ಟ್‌ಮೆಂಟ್ ಬ್ಯಾಂಕಿನ್ಯಾಗ ಕೆಲಸ ಮಾಡಾಕಿ, ಅಷ್ಟೇ." ಸಂದರ್ಶನದಲ್ಲಿ ಮಾನ್ವಿ ಕಾಲೇಜಿನ ಬಗ್ಗೆ ಏನು ಕೇಳಿದರು ಅಂದೆ. "ಒಂದ್ಸಲ ಕೇಳಿದ್ರು, ಬರಕೊಂಡ್ರು. ಆಮ್ಯಾಲೆ ಮುಕ್ಕಾಲು ತಾಸು ಬ್ಯಾಲೆನ್ಸ್ ಶೀಟ್ ಬಗ್ಗೆನೇ ಕೇಳಿದ್ರು" ಅಂದಳು.

ಅವಳ ಮಾತು ಒಬ್ಬಳ ಅನುಭವ ಅಷ್ಟೇ. ಆದರೆ ನಿಜವಾದ ಬ್ಯಾಂಕರ್ ಕೆಲಸಕ್ಕೆ ಹೋಗುವ ದಾರಿ ನೋಡಿದರೂ ಹೆಚ್ಚುಕಡಿಮೆ ಅದೇ ಕಾಣುತ್ತದೆ.

ಕಾಲೇಜು ಬದಲಿಸಿದರೆ ಲಾಭ ಅನ್ನುವ ಮಾತು ಹೊರಟಿದ್ದು ಅಮೆರಿಕದಿಂದ. ಅಲ್ಲಿ ಬ್ಯಾಂಕುಗಳು ಕೆಲವೇ ವಿಶ್ವವಿದ್ಯಾಲಯಗಳಿಗೆ ಹೋಗಿ, ಪದವಿ ಓದುತ್ತಿರುವಾಗಲೇ ಬೇಸಿಗೆ ಇಂಟರ್ನ್‌ಶಿಪ್‌ಗೆ ಹುಡುಗರನ್ನು ಆರಿಸುತ್ತವೆ. ಸಣ್ಣ ಕಾಲೇಜಿನಲ್ಲಿ ಎರಡು ವರ್ಷ ಓದಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗುವುದು ಅಲ್ಲಿ ಮಾಮೂಲು ದಾರಿ. ಹಾಗಾಗಿ ಅಲ್ಲಿಯ ಹುಡುಗ ಕಾಲೇಜು ಬದಲಿಸಿದರೆ ಆರಿಸುವವರ ಕಣ್ಣಿಗೆ ಬೀಳುವ ಸಾಧ್ಯತೆ ನಿಜವಾಗಿಯೂ ಹೆಚ್ಚು.

ನಮ್ಮಲ್ಲಿ ಜರಡಿ ಹಿಡಿಯುವ ಜಾಗ ಬೇರೆ. ಇಲ್ಲಿ ಹೆಚ್ಚಿನವರು ಎರಡು ದಾರಿಯಲ್ಲಿ ಬರುತ್ತಾರೆ. ಒಂದು, ಅಹಮದಾಬಾದ್, ಬೆಂಗಳೂರು, ಕಲ್ಕತ್ತಾ ಐಐಎಂಗಳು ಮತ್ತು ದೆಹಲಿ ವಿಶ್ವವಿದ್ಯಾಲಯದ ಎಫ್‌ಎಂಎಸ್‌ನಂಥ ಕಡೆ ಎಂಬಿಎ ಮಾಡಿ ಬರುವವರು. ಇನ್ನೊಂದು, ಸಿಎ ಮುಗಿಸಿದವರು, ಅದರಲ್ಲೂ ಮೊದಲ ಯತ್ನದಲ್ಲೇ ಪಾಸಾದವರು, ರ‍್ಯಾಂಕ್ ಬಂದವರು. ಐಐಟಿಯಿಂದ ನೇರ ಹೋಗುವವರು, ದೆಹಲಿಯ ಶ್ರೀರಾಮ್ ಕಾಲೇಜ್ ಆಫ್ ಕಾಮರ್ಸ್‌ನಂಥ ಕೆಲವೇ ಕಾಲೇಜುಗಳಿಂದ ಪದವಿ ಮುಗಿಸಿಯೇ ಹೋಗುವವರೂ ಇದ್ದಾರೆ. ಆದರೆ ಆ ಕಾಲೇಜುಗಳ ಬಾಗಿಲು ಪಿಯುಸಿ ಮುಗಿದ ಕೂಡಲೇ ತೆರೆಯುತ್ತದೆ, ಎರಡನೇ ವರ್ಷದಲ್ಲಿ ಏಜೆಂಟ್ ಕೈಯಿಂದ ಅಲ್ಲ. 2022ರಿಂದ ದೆಹಲಿ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಪರೀಕ್ಷೆ ಮೂಲಕ ಪ್ರವೇಶ. ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ನಮ್ಮ ಪಿಯು ಕಾಲೇಜುಗಳ ಎಷ್ಟು ಮಕ್ಕಳಿಗೆ ಇದು ಗೊತ್ತು ಅಂತ ನೀವೇ ಕೇಳಿ ನೋಡಿ.

ಈಗ ಕಾಕಾನ ಮಗನ ಲೆಕ್ಕಕ್ಕೆ ಬರೋಣ. ಐಐಎಂಗೆ ಹೋಗಲು ಕ್ಯಾಟ್ ಬರೆಯಬೇಕು. ಅದಕ್ಕೆ ಬೇಕಾದದ್ದು ಮಾನ್ಯತೆ ಪಡೆದ ಯಾವುದೇ ವಿಶ್ವವಿದ್ಯಾಲಯದ ಪದವಿ, 50% ಅಂಕ. ಎಸ್‌ಸಿ, ಎಸ್‌ಟಿ, ಅಂಗವಿಕಲ ವಿದ್ಯಾರ್ಥಿಗಳಿಗೆ 45%. ದೇವದುರ್ಗದ ಬಿ.ಕಾಂ.ಗೂ ಬೆಂಗಳೂರಿನ ಬಿ.ಕಾಂ.ಗೂ ಅಲ್ಲಿ ಒಂದೇ ಬೆಲೆ. ಕ್ಯಾಟ್ ಅಂಕದ ಜೊತೆ ಅವರು ನೋಡುವುದು ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕ ಮತ್ತು ಕೆಲಸದ ಅನುಭವ. ಸಿಎಗೆ ಹೋಗಬೇಕಾದರೂ ಅಷ್ಟೇ. ಬಿ.ಕಾಂ.ನಲ್ಲಿ 55% ಬಂದರೆ ಫೌಂಡೇಶನ್ ಪರೀಕ್ಷೆ ಇಲ್ಲದೆ ನೇರವಾಗಿ ಇಂಟರ್‌ಮೀಡಿಯೇಟ್‌ಗೆ ಸೇರಬಹುದು. ಅದು ಪಾಸಾದ ಮೇಲೆ ಎರಡು ವರ್ಷ ಆರ್ಟಿಕಲ್‌ಶಿಪ್, ಅಂದರೆ ಒಬ್ಬ ಸಿಎ ಕೈಕೆಳಗೆ ಕಲಿಕೆ. ಯಾವ ಹಂತದಲ್ಲೂ ಕಾಲೇಜಿನ ಹೆಸರಿಗೆ ಅಂಕ ಇಲ್ಲ.

ಅಂದರೆ ಎರಡೂ ದಾರಿಯಲ್ಲಿ ಹುಡುಗನ ಕೈಯಲ್ಲಿರುವುದು ಅವನ ಪದವಿಯ ಅಂಕ. ಕಾಲೇಜು ಬದಲಿಸಿದರೆ ಮೊದಲು ಪೆಟ್ಟು ಬೀಳುವುದೂ ಅದಕ್ಕೇ.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಾನು ಮಾನ್ವಿಯಲ್ಲಿ ಬಿ.ಎ. ಓದುತ್ತಿದ್ದವನು ಎರಡನೇ ವರ್ಷ ಮುಗಿಸಿ ಬೆಂಗಳೂರಿನ ಒಂದು ಕಾಲೇಜಿಗೆ ಹೋದೆ. ಹೆಸರು ಬೇಡ. ಸೀಟು ಕೊಡುವಾಗ ಎಲ್ಲ ಸರಿ ಇದೆ ಅಂದವರು ಮೂರು ತಿಂಗಳ ನಂತರ ಎರಡು ಪೇಪರ್ ಹೊಂದುವುದಿಲ್ಲ, ಮತ್ತೆ ಬರೆಯಬೇಕು ಅಂದರು. ಬರೆದೆ. ಒಂದು ವರ್ಷ ಹೋಯಿತು. ಅಪ್ಪ ಆ ವರ್ಷದ ಭತ್ತ ಮಾರಿ ಕೊಟ್ಟ ದುಡ್ಡೂ ಹೋಯಿತು. ಅದರ ಬಗ್ಗೆ ಅವರು ಇವತ್ತಿಗೂ ನನ್ನ ಹತ್ತಿರ ಮಾತಾಡಿಲ್ಲ. ಮಾತಾಡಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಈಗ ಪರಿಸ್ಥಿತಿ ಸ್ವಲ್ಪ ಬೇರೆ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ 2021ರಲ್ಲಿ ಬಂತು. ಓದಿದ ಕ್ರೆಡಿಟ್ ಆನ್‌ಲೈನ್ ಖಾತೆಯಲ್ಲಿ ಜಮಾ ಇರುತ್ತದೆ. ಆದರೆ ಖಾತೆಯಲ್ಲಿ ಜಮಾ ಇದ್ದ ಮಾತ್ರಕ್ಕೆ ಹೊಸ ವಿಶ್ವವಿದ್ಯಾಲಯ ಅದನ್ನು ಒಪ್ಪಲೇಬೇಕು ಅಂತಿಲ್ಲ. ನಮ್ಮ ರಾಜ್ಯದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಒಂದು ವಿಶ್ವವಿದ್ಯಾಲಯದ ಮೂರನೇ ಸೆಮಿಸ್ಟರ್‌ನಲ್ಲಿರುವ ಪೇಪರ್ ಇನ್ನೊಂದರ ಎರಡನೆಯದರಲ್ಲಿ ಇರಬಹುದು. ಟಿಸಿ, ಮೈಗ್ರೇಷನ್ ಸರ್ಟಿಫಿಕೇಟ್, ಅಂಕಪಟ್ಟಿ ಹಿಡಿದು ಓಡಾಡುವ ತಿಂಗಳುಗಳಲ್ಲಿ ಹುಡುಗ ಓದುವುದು ಯಾವಾಗ?

ಇನ್ನೊಂದು ವಿಷಯ. 371(ಜೆ) ಇದೆಯಲ್ಲ ಅಂತ ಹುಡುಗರು ಕೇಳುತ್ತಾರೆ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ ಆ ಮೀಸಲಾತಿ ಸರ್ಕಾರಿ ನೌಕರಿಗೆ ಮತ್ತು ಪ್ರವೇಶಕ್ಕೆ. ನಮ್ಮ ಭಾಗದ ಸಂಸ್ಥೆಗಳಲ್ಲಿ 70%, ರಾಜ್ಯದ ಉಳಿದ ಕಡೆ 8% ಸೀಟು. ಅದರ ಉಪಯೋಗ ಸಿಗುವುದು ಪರೀಕ್ಷೆ ಬರೆದು ಕೌನ್ಸೆಲಿಂಗ್‌ಗೆ ಹೋದಾಗ. ಏಜೆಂಟ್ ಕೊಡಿಸುವ ಮ್ಯಾನೇಜ್‌ಮೆಂಟ್ ಸೀಟಿಗೂ, ಮುಂಬೈನ ಖಾಸಗಿ ಬ್ಯಾಂಕಿಗೂ ಅದು ಅನ್ವಯಿಸುವುದಿಲ್ಲ. ನಮಗಿರುವ ಒಂದು ಅನುಕೂಲವನ್ನು ಬಿಟ್ಟು ಹಿಂಬಾಗಿಲಲ್ಲಿ ದುಡ್ಡು ಕೊಟ್ಟು ಹೋಗುವುದು ಯಾವ ಜಾಣತನ?

ಇಷ್ಟು ಹೇಳಿದ ಮೇಲೆ ನನ್ನನ್ನೇ ನಾನು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇದೆ. ದುಡ್ಡಿದ್ದವರ ಮಕ್ಕಳು ದೊಡ್ಡ ಊರಿಗೆ ಹೋಗುತ್ತಾರೆ, ಬಡವರ ಮಗನಿಗೆ ಮಾತ್ರ ಇಲ್ಲೇ ಇರು ಅನ್ನುವುದು ನ್ಯಾಯವೇ?

ರಾಯಚೂರಿನವರು ಓದಲಿಕ್ಕೆ ಊರು ಬಿಡುವುದು ಹೊಸದಲ್ಲ. ನಿಜಾಮರ ಕಾಲದಲ್ಲಿ ಹೈದರಾಬಾದಿಗೆ ಹೋದರು. 1956ರ ನಂತರ ಧಾರವಾಡಕ್ಕೆ ಹೋದರು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಆಯಿತು. ರಾಯಚೂರಿಗೇ ಒಂದು ವಿಶ್ವವಿದ್ಯಾಲಯ ಬಂದದ್ದು ಇತ್ತೀಚೆಗೆ. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ದೇವದುರ್ಗ ಅದರಲ್ಲಿತ್ತು. ಇಂಥ ತಾಲ್ಲೂಕಿನಿಂದ ಗುಳೆ ಹೋಗುವವರು ಬೆಂಗಳೂರಿನ ಕಟ್ಟಡ ಕಟ್ಟುತ್ತಾರೆ. ಅಂಥವರ ಮಗ ಅದೇ ಕಟ್ಟಡದೊಳಗೆ ಕೂತು ಕೆಲಸ ಮಾಡಬೇಕು ಅಂದುಕೊಂಡರೆ ತಪ್ಪೇನಿಲ್ಲ. ಆ ಆಸೆಗೆ ನಾನು ಅಡ್ಡ ಬರುವುದಿಲ್ಲ.

ಬೆಂಗಳೂರು ನನಗೂ ಏನೂ ಕೊಡಲಿಲ್ಲ ಅಂದರೆ ಸುಳ್ಳಾಗುತ್ತದೆ. ರೂಮಿನಲ್ಲಿದ್ದ ನಾಲ್ಕು ಜನರಿಂದ ಇಂಗ್ಲಿಷ್ ಪೇಪರ್ ಓದುವುದು ಕಲಿತೆ, ಪತ್ರಿಕೋದ್ಯಮ ಡಿಪ್ಲೊಮಾ ಅಂತ ಒಂದಿದೆ ಅನ್ನುವುದು ಅವರಲ್ಲೊಬ್ಬನಿಂದ ಗೊತ್ತಾಯಿತು. ಆದರೆ ಅದನ್ನು ಕೊಟ್ಟದ್ದು ಕಾಲೇಜಲ್ಲ, ಸಂಗಾತಿಗಳು. ಒಂದು ವರ್ಷ ತಡೆದು, ಇಲ್ಲೇ ಪದವಿ ಮುಗಿಸಿ ಹೋಗಿದ್ದರೂ ಅವರು ಸಿಗುತ್ತಿದ್ದರು.

ಹಾಗಾಗಿ ನಾನು ಹೇಳುವುದು ಹೋಗಬೇಡ ಅಂತಲ್ಲ. ಹೋಗು, ಆದರೆ ನಡುದಾರಿಯಲ್ಲಿ ಬಸ್ ಇಳಿದು ಇನ್ನೊಂದು ಬಸ್ ಹತ್ತಬೇಡ. ಪಿಯುಸಿ ಮುಗಿದಾಗ ಹೋಗು, ಇಲ್ಲವೇ ಪದವಿ ಮುಗಿಸಿ ಹೋಗು. ದುಡ್ಡು ಖರ್ಚು ಮಾಡುವುದಿದ್ದರೆ ಜರಡಿ ಇರುವ ಜಾಗದಲ್ಲಿ ಮಾಡು. ದೊಡ್ಡ ಐಐಎಂಗಳ ಎರಡು ವರ್ಷದ ಫೀ 20 ಲಕ್ಷ ದಾಟುತ್ತದೆ ನಿಜ. ಆದರೆ ಅಲ್ಲಿ ಸೀಟು ಸಿಕ್ಕ ವಿದ್ಯಾರ್ಥಿಗೆ ಆಸ್ತಿ ಅಡವಿಡದೆ ಬ್ಯಾಂಕ್ ಸಾಲ ಕೊಡುತ್ತದೆ, ಆದಾಯ ಕಡಿಮೆ ಇದ್ದವರಿಗೆ ಸಂಸ್ಥೆಯೇ ಸಹಾಯ ಮಾಡುತ್ತದೆ. ಎಫ್‌ಎಂಎಸ್‌ನ ಫೀ ಅದಕ್ಕಿಂತ ಬಹಳ ಕಡಿಮೆ. ಏಜೆಂಟ್ ತೋರಿಸುವ ಕಾಲೇಜಿಗೆ ಸಾಲ ಬೇಕಾದರೆ ಕಾಕಾನ ಮನೆಯ ಬಂಗಾರವೇ ಹೋಗಬೇಕು. ಸಾಲ ಕೊಡುವ ಬ್ಯಾಂಕಿಗೆ ಯಾವ ಕಾಲೇಜಿನ ಮೇಲೆ ನಂಬಿಕೆ ಇದೆ ಅನ್ನುವುದು ಇದರಲ್ಲೇ ತಿಳಿಯುತ್ತದೆ.

ಇಷ್ಟಾದರೂ ಎರಡನೇ ವರ್ಷದಲ್ಲೇ ಬದಲಿಸುತ್ತೇನೆ ಅನ್ನುವವರು ದುಡ್ಡು ಕೊಡುವ ಮೊದಲು ನಾಲ್ಕು ವಿಷಯವನ್ನು ಬರಹದಲ್ಲಿ ಕೇಳಿ. ಒಂದು, ಕಳೆದ ಮೂರು ವರ್ಷದಲ್ಲಿ ನಿಮ್ಮ ಬಿ.ಕಾಂ. ಹುಡುಗರಿಗೆ ಯಾವ ಕಂಪನಿ, ಯಾವ ಹುದ್ದೆ, ಎಷ್ಟು ಸಂಬಳ ಕೊಟ್ಟಿತು? ಕಂಪನಿಯ ಹೆಸರು ಮಾತ್ರ ಹೇಳಿದರೆ ಸಾಲದು, ಹುದ್ದೆ ಬೇಕು. ಎರಡು, ಈವರೆಗೆ ಓದಿದ ಎಲ್ಲ ಪೇಪರ್‌ಗಳನ್ನೂ ಒಪ್ಪುತ್ತೀರಾ? ಈ ಉತ್ತರ ವಿಶ್ವವಿದ್ಯಾಲಯದಿಂದ ಬರಬೇಕು, ಏಜೆಂಟ್‌ನಿಂದಲ್ಲ. ಮೂರು, ನಡುವೆ ಸೇರಿದವರನ್ನೂ ಕ್ಯಾಂಪಸ್ ಆಯ್ಕೆಗೆ ಕೂರಿಸುತ್ತೀರಾ? ನಾಲ್ಕು, ಬಿಟ್ಟು ಹೋದರೆ ಫೀ ವಾಪಸ್ ಎಷ್ಟು? ಈ ನಾಲ್ಕಕ್ಕೆ ಸಹಿ ಹಾಕಿದ ಉತ್ತರ ಸಿಕ್ಕರೆ, ಸಾಲ ಮಾಡದೆ ಹೋಗುವಂತಿದ್ದರೆ, ಹೋಗಬಹುದು. ಸಿಗದಿದ್ದರೆ ಅದೇ ಉತ್ತರ ಅಂತ ತಿಳಿಯಿರಿ.

ಊರು ದೂರ ಅಂತ ಕಂಪನಿಗಳು ಬರುವುದಿಲ್ಲ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ದೇಶದ ಮೊದಲ ಐಐಟಿ 1951ರಲ್ಲಿ ಶುರುವಾದದ್ದು ಖರಗ್‌ಪುರ ಎಂಬ ರೈಲ್ವೆ ಊರಿನಲ್ಲಿ. ಕಂಪನಿಗಳು ಅಲ್ಲಿಗೂ ಹುಡುಕಿಕೊಂಡು ಹೋದವು. ನಮ್ಮ ರಾಯಚೂರಿನಲ್ಲೇ ಐಐಐಟಿ ಇದೆ. ಅಲ್ಲಿ ಓದಲು ದೇಶದ ಎಲ್ಲೆಲ್ಲಿಂದಲೋ ಮಕ್ಕಳು ಬರುತ್ತಾರೆ. ಅದೇ ಜಿಲ್ಲೆಯ ಬಿ.ಕಾಂ. ಹುಡುಗ ಊರು ಬಿಟ್ಟು ಓಡಬೇಕು ಅಂದುಕೊಳ್ಳುತ್ತಾನೆ. ಊರು ಒಂದೇ, ರೈಲ್ವೆ ಸ್ಟೇಷನ್ ಒಂದೇ. ವ್ಯತ್ಯಾಸ ಇರುವುದು ಸರ್ಕಾರ ಯಾವ ಸಂಸ್ಥೆಯ ಮೇಲೆ ದುಡ್ಡು ಸುರಿಯುತ್ತದೆ ಅನ್ನುವುದರಲ್ಲಿ. ಅತಿಥಿ ಉಪನ್ಯಾಸಕರ ಮೇಲೆ ನಿಂತಿರುವ ರಾಜ್ಯದ ಪದವಿ ಕಾಲೇಜುಗಳಲ್ಲಿ ವಾಣಿಜ್ಯ ವಿಭಾಗಕ್ಕೆ ಒಂದು ಒಳ್ಳೆ ಕಂಪ್ಯೂಟರ್ ಲ್ಯಾಬು, ಎಕ್ಸೆಲ್ ಕಲಿಸುವವರು, ವರ್ಷಕ್ಕೆ ನಾಲ್ಕು ಸಲ ಬಂದು ಮಾತಾಡುವ ಒಬ್ಬ ಸಿಎ, ಕ್ಯಾಟ್ ಮತ್ತು ಸಿಯುಇಟಿ ಬಗ್ಗೆ ಹೇಳುವ ಒಂದು ನೋಟಿಸ್ ಬೋರ್ಡು, ಇಷ್ಟಕ್ಕೆ ಕೋಟಿಗಟ್ಟಲೆ ಬೇಕಾಗಿಲ್ಲ. ಏಮ್ಸ್‌ಗಾಗಿ ವರ್ಷಗಟ್ಟಲೆ ಧರಣಿ ಕೂರುವ ತಾಕತ್ತು ನಮ್ಮ ಜಿಲ್ಲೆಗಿದೆ. ಬಿ.ಕಾಂ. ತರಗತಿಗೆ ಪಾಠ ಮಾಡುವವರು ಬೇಕು ಅಂತಲೂ ಒಂದು ದಿನ ಕೂರಬಹುದು.

ಆ ಗುರುವಾರ ಸಂಜೆ ಕಾಕಾನ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಕಾಕಾ ಸುಮ್ಮನೆ ಕೇಳಿದರು. ಹುಡುಗ ಮಾತ್ರ, "ಅಣ್ಣಾ, ನೀವು ಹೋಗಿ ಬಂದ್ರಿ, ನನಗ ಬ್ಯಾಡ ಅಂತೀರಿ" ಅಂದ. ಅದಕ್ಕೆ ನನ್ನ ಹತ್ತಿರ ಚೆಂದದ ಉತ್ತರ ಇರಲಿಲ್ಲ. "ಹೋಗಿ ಬಂದಿದ್ದಕ್ಕೇ ಹೇಳ್ತೀನಿ" ಅಂದೆ. ಅವನಿಗೆ ಸುಳ್ಳು ಭರವಸೆ ಕೊಡಲಿಲ್ಲ. ಇಲ್ಲೇ ಇದ್ದು 70% ತೆಗೆದರೂ, ಕ್ಯಾಟ್ ಬರೆದರೂ, ಸಿಎ ಮಾಡಿದರೂ ಆ ಮುಂಬೈ ಕೆಲಸ ಸಿಗುವವರು ಬೆರಳೆಣಿಕೆಯಷ್ಟು ಅಂದೆ. ಆದರೆ ಆ ದಾರಿಯಲ್ಲಿ ಅರ್ಧಕ್ಕೆ ನಿಂತವನಿಗೂ ಕೈಯಲ್ಲೊಂದು ಕೆಲಸ ಇರುತ್ತದೆ. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲು, ಮಾನ್ವಿಯ ರೈಸ್ ಮಿಲ್ಲುಗಳ ಲೆಕ್ಕ, ಜಿಎಸ್‌ಟಿ ನೋಡಿಕೊಳ್ಳುವ ಸಿಎಗಳಿಗೆ ಕೆಲಸ ಬಲ್ಲ ಹುಡುಗರು ಯಾವಾಗಲೂ ಬೇಕು. ಏಜೆಂಟ್‌ನ ದಾರಿಯಲ್ಲಿ ಅರ್ಧಕ್ಕೆ ನಿಂತವನಿಗೆ ಉಳಿಯುವುದು ಸಾಲ.

ಶುಕ್ರವಾರ ಮುಂಗಡ ಕೊಡಲಿಲ್ಲ. ಮಳೆ ಬಿತ್ತು, ಕಾಕಾ ಹತ್ತಿ ಬೀಜ ಹಾಕಿದರು. ರಾಯಚೂರಿನಲ್ಲಿ ನನಗೆ ಪರಿಚಯದ ಸಿಎ ಒಬ್ಬರಿದ್ದಾರೆ. ಶನಿವಾರ ಶನಿವಾರ ಬಂದು ಕೂತು ನೋಡಲಿ ಅಂದಿದ್ದಾರೆ. ಹುಡುಗ ಎರಡು ಸಲ ಹೋಗಿ ಬಂದಿದ್ದಾನಂತೆ. ನನ್ನ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ. ಫೋನ್ ಮಾಡಿದರೆ ಅವರಪ್ಪನ ಕೈಗೆ ಕೊಡುತ್ತಾನೆ.

ಈ ಬ್ಲಾಗ್ ಓದುವ ನಮ್ಮ ಜಿಲ್ಲೆಯ ಗೆಳೆಯರಲ್ಲಿ ಬೆಂಗಳೂರು, ಮುಂಬೈಯ ಇಂಥ ಕಚೇರಿಗಳಲ್ಲಿ ಇರುವವರು ಕೆಲವರಿದ್ದೀರಿ. ದೀಪಾವಳಿಗೋ ಯುಗಾದಿಗೋ ಊರಿಗೆ ಬಂದಾಗ ನೀವು ಓದಿದ ಕಾಲೇಜಿಗೆ ಒಂದು ತಾಸು ಹೋಗಿ. ನೀವು ಮಾಡುವ ಕೆಲಸ ಏನು, ಏನಲ್ಲ, ಅಲ್ಲಿಗೆ ಹೇಗೆ ತಲುಪಿದಿರಿ ಅಂತ ಇದ್ದದ್ದು ಇದ್ದಂಗೆ ಹೇಳಿ. ನೀವು ಹೇಳದಿದ್ದರೆ ಏಜೆಂಟ್ ಹೇಳುತ್ತಾನೆ, ಅವನಂತೂ ವರ್ಷವಿಡೀ ಊರಲ್ಲೇ ಇರುತ್ತಾನೆ.